ಗಂಧ ಹಚ್ಚಿದ ತೋಟೆಗಳು

...ಅಥವಾ ಅದು ಅಲೆವೂರಿನ ಕಲ್ಲುಕೋರೆಯೇ ಅಲ್ಲದಿರಬಹುದು. ನನ್ನ ತಲೆಯೊಳಗೆ ಮಾತ್ರ ಅದು ಅಲೆವೂರೇ: ಕೆಂಪುಕಲ್ಲು ಕಡಿದು ಮುಗಿಸಿ ಬಿಟ್ಟುಹೋದ ಚೌಕಾಕಾರದ ಹಳ್ಳ, ಗೋಡೆಯ ತುಂಬ ಪಿಕ್ಕಾಸಿನ ಓರೆ ಗೆರೆಗಳು, ತಳದಲ್ಲಿ ಮಳೆಗಾಲದ ನೀರು ಆರಿ ಉಳಿದ ಪಾಚಿ. ಆದರೆ ಇಂಥ ಕೋರೆಗಳು ಆಗ ಮಣಿಪಾಲದ ಸುತ್ತ ಬೇಕಾದಷ್ಟಿದ್ದವು, ಒಂದನ್ನು ನೋಡಿದವನು ಇನ್ನೊಂದನ್ನು ನೋಡಬೇಕಾಗಿರಲಿಲ್ಲ. ಆ ದಿನ ನಮ್ಮ ಜೊತೆಗಿದ್ದ ಕಾಪುವಿನ ಗೆಳೆಯ, ಅದು ಕಾರ್ಕಳದ ದಾರಿಯಲ್ಲಿತ್ತು ಎಂದು ಇವತ್ತಿಗೂ ವಾದಿಸುತ್ತಾನೆ. ಜಾಗದ ಮಟ್ಟಿಗೆ ಅವನಿಗೆ ಬಿಟ್ಟುಕೊಡಲು ನಾನು ಸಿದ್ಧ. ಬಿಟ್ಟುಕೊಡಲಾರದ್ದು ವಾಸನೆ. ಒದ್ದೆಯಾದ ಅಚ್ಚಿನ ಕಾಗದದ ವಾಸನೆ, ಅದರ ಮೇಲೆ ಸುಟ್ಟ ಮದ್ದಿನ ವಾಸನೆ. ಇವೆರಡೂ ಒಟ್ಟಿಗೆ ನನ್ನ ಮೂಗಿಗೆ ಬಂದದ್ದು ಬದುಕಿನಲ್ಲಿ ಅದೊಂದೇ ಸಲ, ಆದ್ದರಿಂದ ಅದು ನಡೆದಿರಲೇಬೇಕು.

ನಾವು ಮೂವರಿದ್ದೆವು: ನನ್ನ ಸೋದರಮಾವ, ಕಾಪುವಿನ ಗೆಳೆಯ, ನಾನು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಅಲ್ಲಿ ತಪ್ಪಾಗಿ ಅಚ್ಚಾದ ಶಾಲಾ ಪುಸ್ತಕದ ಹಾಳೆಗಳು ರಾಶಿರಾಶಿ ಬಿದ್ದಿರುತ್ತಿದ್ದವು. ಅವನ್ನು ಕಟ್ಟುಕಟ್ಟಾಗಿ ಹೊತ್ತು ತಂದು, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಕೋರೆಯ ಗೋಡೆಗೆ ಒರಗಿಸಿ ಒಂದರ ಹಿಂದೊಂದು ಇಟ್ಟಿದ್ದೆವು. ಒದ್ದೆ ಕಾಗದ ಮಾಂಸದ ಹಾಗೆ ಎಂದು ಗೆಳೆಯ ಎಲ್ಲೋ ಓದಿದ್ದ. ಆ ಮಾಂಸದೊಳಗೆ ಮಾವನ ರೈಫಲಿನಿಂದ ಎರಡು ಬಗೆಯ ಗುಂಡು ಹೊಡೆದು, ಯಾವುದು ಎಂತ ಮಾಡುತ್ತದೆ ಎಂದು ನೋಡುವುದು ನಮ್ಮ ಕೆಲಸ.

ಕಾರಣ ಅಜೆಕಾರಿನಲ್ಲಿ ನಮ್ಮ ಮನೆಯ ಹಿಂದಿನ ಹಾಡಿಯ ಮರಗಳ ನಡುವೆ ಮಲಗಿತ್ತು.

ಒಂದು ಕಾಟಿ, ಅಂದರೆ ಕಾಡುಕೋಣ, ಘಟ್ಟದಿಂದ ಇಳಿದು ಬಂದಿತ್ತು. ಯಾರೋ ಮದ್ದು ತುಂಬಿ ಹೊಡೆಯುವ ಕೇಪಿನ ಕೋವಿಯಿಂದ ಅದರ ಹಿಂಗಾಲಿಗೆ ಹೊಡೆದಿದ್ದರು. ಹೊಡೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ಅಂದರೆ ಎಲ್ಲರಿಗೂ ಗೊತ್ತಿತ್ತು. ಕಾಲು ಕೊಳೆಯಿತು. ಘಟ್ಟ ಹತ್ತಿ ವಾಪಸು ಹೋಗಲಾರದೆ ಅದು ಹಾಡಿಯಲ್ಲೇ ನಿಂತಿತು. ನೋವು ಅದನ್ನು ಬೇರೆಯೇ ಪ್ರಾಣಿ ಮಾಡಿತು. ತರಗೆಲೆ ಗುಡಿಸಲು ಹೋದ ನೆರೆಮನೆಯ ಹೆಂಗಸೊಬ್ಬಳನ್ನು ಎತ್ತಿ ಎಸೆಯಿತು. ಅವಳು ಬದುಕಿದಳು, ಆದರೆ ಮತ್ತೆ ನೆಟ್ಟಗೆ ನಡೆಯಲಿಲ್ಲ. ಗಾಳಿ ಆ ಕಡೆಯಿಂದ ಬೀಸಿದಾಗ ನಮ್ಮ ಅಂಗಳಕ್ಕೆ ಗಾಯದ ನಾತ ಬರುತ್ತಿತ್ತು. ಕಾರ್ಕಳದ ಅರಣ್ಯ ಕಚೇರಿಗೆ ಊರಿನವರು ಅಲೆದಲೆದು, ಕೊನೆಗೆ ಮೇಲಿನಿಂದ ಅಪ್ಪಣೆ ಬಂತು: ಪ್ರಾಣಿ ಗುಣವಾಗುವಂಥದ್ದಲ್ಲ, ಕೊಲ್ಲಬಹುದು, ಇಲಾಖೆಯ ಒಬ್ಬ ಜೊತೆಗಿರಬೇಕು, ಕೊಂಬು ಚರ್ಮ ಮಾಂಸ ಯಾವುದನ್ನೂ ಯಾರೂ ಮುಟ್ಟಬಾರದು. ಆ ಸುತ್ತಿನಲ್ಲಿ ಲೈಸನ್ಸಿನ ರೈಫಲು ಇದ್ದದ್ದು ಮಾವನ ಹತ್ತಿರ ಮಾತ್ರ.

ಮಾವನಿಗೆ ಅರವತ್ತರ ಹತ್ತಿರ. ಒಂದು ಮಂಡಿ ಮಡಚುತ್ತಿರಲಿಲ್ಲ. ಹಾಡಿ ಎಷ್ಟು ದಟ್ಟವಾಗಿತ್ತೆಂದರೆ ಕಾಟಿಯನ್ನು ಕಾಣಬೇಕಾದರೆ ಅದರ ಉಸಿರು ಕೇಳುವಷ್ಟು ಹತ್ತಿರ ಹೋಗಬೇಕು. ಮೊದಲ ಗುಂಡು ಅದನ್ನು ಬೀಳಿಸದಿದ್ದರೆ ಎರಡನೆಯದಕ್ಕೆ ಅದು ಸಮಯ ಕೊಡುವುದಿಲ್ಲ, ಮಾವ ಓಡುವಂತಿಲ್ಲ. ಇದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಮ್ಮ ಆ ದಿನಗಳಲ್ಲಿ ತಮ್ಮನಿಗೆ ಇಷ್ಟವಾದದ್ದನ್ನೇ ಅಡುಗೆ ಮಾಡುತ್ತಿದ್ದಳು, ಅಷ್ಟೇ.

ಗುಂಡುಗಳ, ನಮ್ಮ ಕಡೆಯ ಮಾತಿನಲ್ಲಿ ತೋಟೆಗಳ, ವಿಷಯ ಹೇಳಬೇಕು. ಎರಡೂ ಒಂದೇ ಕಾರ್ಖಾನೆಯವು. ಒಂದೇ ಹಿತ್ತಾಳೆಯ ಕೋಶ, ಒಂದೇ ಉದ್ದ, ತುದಿಯಲ್ಲಿ ಒಂದೇ ದುಂಡು. ಬೇಟೆಯವು ಮಾವನ ಹತ್ತಿರ ಉಳಿದಿದ್ದ ಹಳೆಯವು. ಟಾರ್ಗೆಟ್ಟಿಗೆ ಹೊಡೆಯುವವನ್ನು ತಂದವನು ಗೆಳೆಯ. ವ್ಯತ್ಯಾಸ ಇದ್ದದ್ದು ಮೂತಿಯಲ್ಲಿ ಮಾತ್ರ. ಟಾರ್ಗೆಟ್ ಗುಂಡಿನ ಸೀಸವನ್ನು ತಾಮ್ರದ ಕವಚ ಪೂರ್ತಿ ಮುಚ್ಚಿತ್ತು. ಬೇಟೆ ಗುಂಡಿನಲ್ಲಿ ಕವಚ ಸ್ವಲ್ಪ ಹಿಂದೆಯೇ ನಿಂತು, ಒಳಗಿನ ಸೀಸ ಒಳ್ಳೆಮೆಣಸಿನ ಕಾಳಿನಷ್ಟು ಹೊರಗೆ ಇಣುಕುತ್ತಿತ್ತು. ಆ ಒಂದು ಕಾಳಿನಿಂದಾಗಿ ಎಲ್ಲವೂ ಬದಲಾಗುತ್ತದೆ. ಮೆತ್ತಗಿನ ಮೂತಿ ಮೈಯೊಳಗೆ ಹೊಕ್ಕೊಡನೆ ಅರಳುತ್ತದೆ, ದೊಡ್ಡ ಗಾಯ ಮಾಡಿ ಒಳಗೇ ನಿಲ್ಲುತ್ತದೆ. ಗಟ್ಟಿ ಮೂತಿ ನೋಡಿದ ಕಡೆಗೆ ಕೂದಲೆಳೆ ತಪ್ಪದೆ ಹೋಗುತ್ತದೆ, ಆಳಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಏನೂ ಆಗದ ಹಾಗೆ ಆ ಕಡೆಯಿಂದ ಹೊರಬೀಳುತ್ತದೆ.

ಗೆಳೆಯ ಕಾಪುವಿನ ಬ್ಯಾರಿ ಮುಸಲ್ಮಾನ, ಬಲೆ ಹಗ್ಗ ಮೊಳೆ ಮಾರುವ ಅಂಗಡಿಯವನು. ಜಿಲ್ಲೆಯ ರೈಫಲ್ ಕ್ಲಬ್ಬಿನಲ್ಲಿ ಅವನಿಗೆ ಸಮ ಯಾರೂ ಇರಲಿಲ್ಲ. ಅವನು ಗುರಿ ಹಿಡಿದು ಮಲಗಿದ್ದನ್ನು ನಾನು ನೋಡಿದ್ದೇನೆ. ಮೊದಲು ಕೆನ್ನೆ ನಿಲ್ಲುತ್ತಿತ್ತು, ಆಮೇಲೆ ಉಸಿರು ನಿಲ್ಲುತ್ತಿತ್ತು, ಆಮೇಲೆ ಅಲ್ಲಿ ಒಬ್ಬ ಮನುಷ್ಯ ಮಲಗಿದ್ದಾನೆ ಎಂಬುದೇ ನಿಲ್ಲುತ್ತಿತ್ತು. ಮತ್ತೆ ಹೋಗಿ ಕಾಗದ ನೋಡಿದರೆ ತೂತಿನೊಳಗೆ ತೂತು. ಅಂಗಡಿಯಲ್ಲಿ ಚಿಲ್ಲರೆಗೆ ಗಿರಾಕಿಗಳ ಹತ್ತಿರ ಗಲಾಟೆ ಮಾಡುವ ಇದೇ ಮನುಷ್ಯನೊಳಗೆ ಅಷ್ಟು ಸ್ತಬ್ಧವಾದ ಜಾಗ ಎಲ್ಲಿತ್ತು ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಅವನ ವಾದ ಗಟ್ಟಿ ಮೂತಿಯ ಪರ. ಕಾಟಿಯ ಹೆಗಲೆಂದರೆ ಗೋಡೆ, ಮೆತ್ತಗಿನದು ಅಲ್ಲೇ ಅರಳಿ ಅಲ್ಲೇ ಸಾಯುತ್ತದೆ. ಮಾವನ ವಾದ ಬೇರೆ. ಅವರ ಸೋದರಮಾವ ಒಂದು ಹಂದಿಗೆ ಗಟ್ಟಿ ಮೂತಿಯಲ್ಲಿ ಹೊಡೆದಿದ್ದರಂತೆ. ಹಂದಿ ತನಗೆ ಗುಂಡು ತಾಗಿದ್ದು ಗೊತ್ತೇ ಇಲ್ಲದ ಹಾಗೆ ಒಂದು ಸುತ್ತು ಹಾಕಿ ಅವರ ಹಿಂದಿನಿಂದ ಬಂತಂತೆ. ಆ ಅಜ್ಜನ ತೊಡೆಯ ಕಲೆಯನ್ನು ನಾನೂ ನೋಡಿದ್ದೇನೆ, ಅಥವಾ ಅದರ ವರ್ಣನೆಯನ್ನು ಎಷ್ಟೋ ಸಲ ಕೇಳಿ ನೋಡಿದ್ದೇನೆಂದು ತಿಳಿದಿದ್ದೇನೆ.

“ಧಣಿಗಳೇ, ನೋಡಿದ ಕಡೆ ಹೋಗದ ಗುಂಡು ಎಷ್ಟು ಅರಳಿದರೆ ಎಂತ ಪ್ರಯೋಜನ?” ಎಂದ ಗೆಳೆಯ.

“ನಿಮ್ಮ ಕಾಗದಕ್ಕೆ ಯಾವುದಾದರೂ ಆದೀತು ಬ್ಯಾರಿಗಳೇ. ಅದು ನಿಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ ಅಲ್ವಾ.”

“ಬಂದರೆ ನಾನು ಓಡುತ್ತೇನೆ. ನೀವು ಓಡುತ್ತೀರಾ?”

ಮಾವ ತಮ್ಮ ಮಡಚದ ಮಂಡಿಯನ್ನು ಒಮ್ಮೆ ನೋಡಿಕೊಂಡು ನಕ್ಕರು. ನಾನು ನಗಲಿಲ್ಲ ಎಂದು ಬರೆಯಬೇಕೆನಿಸುತ್ತದೆ, ಆದರೆ ನಕ್ಕಿರಬಹುದು. ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ: ಈ ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅವರಿಬ್ಬರೂ ನಾನು ಕಂಡದ್ದಕ್ಕಿಂತ ಸ್ವಲ್ಪ ಹೆಚ್ಚು ಸಭ್ಯರಾಗಿದ್ದಾರೆ.

ಮೊದಲು ಟಾರ್ಗೆಟ್ ಗುಂಡು. ಗೆಳೆಯನೇ ಹೊಡೆದ. ಕೋರೆಯ ಗೋಡೆಗಳು ಆ ಸದ್ದನ್ನು ಒಂದರಿಂದೊಂದಕ್ಕೆ ಎಸೆದಾಡಿದವು. ನಾವು ಹೋಗಿ ಕಟ್ಟು ಬಿಚ್ಚಿ ಹಾಳೆ ತಿರುವಿದೆವು. ಅದು ಭೂಗೋಳದ ಪುಸ್ತಕ. ಮೊದಲ ಹಾಳೆಯಲ್ಲಿ ಒಂದು ತೂತು, ಪೆನ್ಸಿಲು ತೂರಿಸಿದ ಹಾಗೆ. ಮುಂದಿನ ಹಾಳೆಯಲ್ಲೂ ಅದೇ. ನದಿಗಳು, ಬೆಳೆಗಳು, ಮಳೆ ಬೀಳುವ ಪ್ರದೇಶಗಳು, ಎಲ್ಲದರಲ್ಲೂ ಅದೇ ಜಾಗದಲ್ಲಿ ಅದೇ ತೂತು. ಎರಡನೆಯ ಕಟ್ಟು, ಮೂರನೆಯ ಕಟ್ಟು, ಹೀಗೇ ಸಾಗಿ ಗುಂಡು ಎಲ್ಲವನ್ನೂ ದಾಟಿ ಕಲ್ಲಿನೊಳಗೆ ಹೋಗಿತ್ತು. ಪುಸ್ತಕವನ್ನು ಇನ್ನೂ ಓದಬಹುದಿತ್ತು. ಒಂದೊಂದು ಪುಟದಲ್ಲಿ ಒಂದೊಂದು ಅಕ್ಷರ ಇರಲಿಲ್ಲ, ಅಷ್ಟೇ.

ಆಮೇಲೆ ಬೇಟೆ ಗುಂಡು. ಮಾವ ಹೊಡೆದರು. ಈ ಸಲ ಮೊದಲ ಕೆಲವು ಹಾಳೆಗಳಲ್ಲಿ ಅದೇ ಪೆನ್ಸಿಲಿನ ತೂತು. ಮತ್ತೆ ಒಂದು ಹಾಳೆಯಲ್ಲಿ ಅದು ನಾಣ್ಯದಷ್ಟಾಯಿತು. ಮುಂದಿನದರಲ್ಲಿ ಅಂಗೈಯಷ್ಟು. ಮತ್ತೆ ಹಾಳೆಗಳೇ ಇರಲಿಲ್ಲ, ಒಂದು ಗುಹೆ ಇತ್ತು. ಅದರ ಗೋಡೆಗಳಿಗೆ ಮೆತ್ತಿಕೊಂಡ ಅರೆದ ಕಾಗದದಲ್ಲಿ ಎಲ್ಲಿಯೋ ಒಂದು ಒತ್ತಕ್ಷರ, ಎಲ್ಲಿಯೋ ಒಂದು ಕೊಂಬು. ಗುಹೆಯ ಕೊನೆಯಲ್ಲಿ, ಇನ್ನೂ ಹಲವು ಹಾಳೆಗಳು ಉಳಿದಿರುವಾಗಲೇ, ಗುಂಡು ಕೂತಿತ್ತು. ಮಾವ ಅದನ್ನು ಬೆರಳಿನಿಂದ ಕೆದಕಿ ತೆಗೆದು ನನ್ನ ಅಂಗೈಯಲ್ಲಿಟ್ಟರು. ಮೊದಲ ಮಳೆಗೆ ಗುಡ್ಡೆಯಲ್ಲಿ ಏಳುವ ಅಣಬೆಯ ಹಾಗೆ ತಲೆ ಅಗಲಿಸಿಕೊಂಡಿತ್ತು. ಬೆಚ್ಚಗಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದದ್ದನ್ನು ಪುಟ ತಿರುವಿ ನಿಧಾನವಾಗಿ ಓದಬಹುದು ಎಂಬುದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಆಗ ನಾನು ಕಥೆ ಬರೆಯುವವನೆಂದು ನನ್ನನ್ನು ತಿಳಿದುಕೊಂಡಿದ್ದೆ. ಇಂಥದ್ದೊಂದನ್ನು ಬರೆಯಲು ನನ್ನಿಂದ ಆಗಿಲ್ಲ ಎಂದು ಅಲ್ಲಿಯೇ ಅನಿಸಿತು.

ಅಲ್ಲಿಗೆ ನಿಲ್ಲಿಸಿದ್ದರೆ ಉತ್ತರ ಸುಲಭವಿತ್ತು. ಆದರೆ ಗೆಳೆಯ ಕಾಪುವಿನಿಂದ ಗೋಣಿಚೀಲದಲ್ಲಿ ಕೋಣದ ಹೆಗಲಿನ ಮೂಳೆಗಳನ್ನು ತಂದಿದ್ದ. ಮೈಯೆಂದರೆ ಮಾಂಸ ಮಾತ್ರವೇ, ಮೂಳೆ ಇಲ್ಲವೇ ಎಂಬುದು ಅವನ ಪ್ರಶ್ನೆ. ಹಾಳೆಗಳ ನಡುವೆ ಮೂಳೆ ಸಿಕ್ಕಿಸಿ ಮತ್ತೆ ಹೊಡೆದೆವು. ಬೇಟೆ ಗುಂಡು ಮೂಳೆಗೆ ಬಡಿದು ಚೂರುಚೂರಾಯಿತು, ಒಳಗೆ ಹೋದದ್ದು ಒಂದೆರಡು ಸೀಸದ ಚೂರು. ಗೆಳೆಯ ಮಾವನ ಮುಖ ನೋಡಿದ. ಮಾವ ಇನ್ನೊಂದು ಹೊಡೆದರು. ಇದು ಅದೇ ಬಗೆಯದು, ಅದೇ ದಪ್ಪದ ಮೂಳೆ, ಆದರೆ ಮೂಳೆಯನ್ನು ಒಡೆದು, ಆಚೆ ಹೋಗಿ ಅರಳಿ, ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ಟಾರ್ಗೆಟ್ ಗುಂಡು ಮೂಳೆಯಲ್ಲಿ ಚೆಂದದ ತೂತು ಮಾಡಿ ನೇರ ಹೋಯಿತು. ಅದರ ನಂತರದ್ದು ಮೂಳೆ ದಾಟಿದ ಮೇಲೆ ಎತ್ತಲೋ ತಿರುಗಿ ಕಟ್ಟಿನ ಪಕ್ಕದಿಂದ ಹೊರಬಂತು. ಹೊಡೆದಷ್ಟೂ ಉತ್ತರ ದೂರ ಹೋಗುತ್ತಿತ್ತು. ಗೆಳೆಯ ಇನ್ನೊಂದು ಹಾಕೋಣ ಎಂದಾಗ ಮಾವ ಕೈ ಅಡ್ಡ ಹಿಡಿದರು. ಹೀಗೇ ಹೋದರೆ ಕಾಟಿಗೆ ಏನೂ ಉಳಿಯುವುದಿಲ್ಲ, ಭೂಗೋಳವನ್ನೇ ಕೊಂದು ಮನೆಗೆ ಹೋಗಬೇಕಾದೀತು ಎಂದರು.

ಮಣಿಪಾಲದಿಂದ ಉಡುಪಿ, ಉಡುಪಿಯಿಂದ ಕಾರ್ಕಳ, ಅಲ್ಲಿಂದ ಅಜೆಕಾರು; ಹಾಗೆ ಬಸ್ಸು ಬದಲಿಸಿ ಹೋದೆವು ಎಂದು ನೆನಪು ಹೇಳುತ್ತದೆ. ಅದು ಸುತ್ತು ದಾರಿ. ರೈಫಲು ಹಿಡಿದುಕೊಂಡು ಅಷ್ಟು ಬಸ್ಸು ಹತ್ತಿಳಿದಿರುವುದು ಅನುಮಾನ. ಗೆಳೆಯನ ಅಂಗಡಿಯ ವ್ಯಾನು ಇದ್ದಿರಬೇಕು. ನಾನು ಬಸ್ಸನ್ನು ಯಾಕೆ ಸೇರಿಸಿದೆನೋ.

ಮನೆಗೆ ಹೋದ ಮೇಲೆ ಮಾವ ತೀರ್ಮಾನಕ್ಕೆ ಬಂದರು. ಮೊದಲನೆಯದು ಬೇಟೆ ಗುಂಡು. ಕಾಟಿ ಪಕ್ಕ ಕೊಟ್ಟು ನಿಲ್ಲುವವರೆಗೆ ಕಾಯುವುದು, ಹೆಗಲಿನ ಮೂಳೆ ಬಿಟ್ಟು ಅದರ ಹಿಂದಕ್ಕೆ ಹೊಡೆಯುವುದು, ಅಲ್ಲಿ ಮೆತ್ತಗಿನದಕ್ಕೆ ತಡೆ ಇಲ್ಲ. ಅದರ ಹಿಂದೆ ತುಂಬಿಸುವುದೆಲ್ಲ ಗಟ್ಟಿ ಮೂತಿ. ಕಾಟಿ ತಿರುಗಿ ಓಡಿದರೆ ಅಥವಾ ಎದುರು ಬಂದರೆ ಆಳಕ್ಕೆ ಹೋಗುವುದೇ ಬೇಕು. ಗೆಳೆಯನೂ ಒಪ್ಪಿದ. ಇಷ್ಟು ದಿನ ವಾದ ಮಾಡಿದ ಇಬ್ಬರೂ ಒಪ್ಪಿದ್ದರಿಂದ ನನಗೆ ಧೈರ್ಯ ಬಂತು. ಬೆಳಗ್ಗೆ ಹೊರಡುವ ಮೊದಲು ಕೋವಿ, ತೋಟೆ ಎರಡನ್ನೂ ದೈವದ ಮುಂದಿಡುವುದು ನಮ್ಮ ಮನೆಯ ಕ್ರಮ. ಮಾವ ಚಾವಡಿಯಲ್ಲಿ, ಮನೆಯ ದೈವಕ್ಕೆಂದೇ ಇಟ್ಟ ಮಂಚದ ಕೆಳಗೆ ಎರಡು ಬಾಳೆಲೆಯ ಕೊಡಿ ಹಾಸಿದರು. ಬಲಗಡೆಯ ಎಲೆಯಲ್ಲಿ ಬೇಟೆಯವು, ಎಡಗಡೆಯದರಲ್ಲಿ ಟಾರ್ಗೆಟ್ಟಿನವು. ಬೆರೆಯಬಾರದೆಂದು ನಡುವೆ ಒಂದು ಗೇಣು ಜಾಗ.

ಇಲ್ಲಿ ನಮ್ಮ ಮನೆಯ ವಿಷಯ ಸ್ವಲ್ಪ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮದು ಅಳಿಯಸಂತಾನ. ಮನೆ ತಾಯಿಯಿಂದ ಮಗಳಿಗೆ ಬರುತ್ತದೆ, ಯಜಮಾನಿಕೆ ಅವಳ ತಮ್ಮನದೋ ಅಣ್ಣನದೋ. ಆ ವರ್ಷಗಳಲ್ಲಿ ನಮ್ಮ ಸುತ್ತಿನ ಇಂಥ ಮನೆಗಳು ಒಂದೊಂದಾಗಿ ಪಾಲಾಗುತ್ತಿದ್ದವು. ಪಾಲಾದ ಮನೆಯವರು ದೈವದ ಮುಂದೆ ಬೇರೆಬೇರೆ ಎಲೆ ಇಡುತ್ತಾರೆ. ಒಂದು ಮನೆಯಲ್ಲಿ ಎರಡು ಎಲೆ ಬಿದ್ದರೆ ಒಳಗೆ ಎಂತ ಆಗಿದೆ ಎಂದು ಯಾರೂ ಕೇಳಬೇಕಾಗಿಲ್ಲ. ನಮ್ಮ ಮನೆಯಲ್ಲೂ ಒಬ್ಬರಿಬ್ಬರು ಪಾಲಿನ ಮಾತು ಎತ್ತಿದ್ದರು, ಅಮ್ಮ ಅದನ್ನು ಜಗಲಿಯಿಂದ ಒಳಗೆ ಬರಲು ಬಿಟ್ಟಿರಲಿಲ್ಲ.

ಬೆಳಗ್ಗೆ ಮಿಂದು ಬಂದ ಅಮ್ಮ ದೀಪ ಹಚ್ಚಲು ಹೋದವಳು ಎರಡು ಎಲೆ ನೋಡಿದಳು. ತಮ್ಮ ಅಪಾಯಕ್ಕೆ ಹೋಗುವ ದಿನ, ದೈವದ ಮುಂದೆ ಎರಡು ಎಲೆ. ಅವಳು ಎಲ್ಲ ತೋಟೆಗಳನ್ನೂ ಸೆರಗಿಗೆ ಹಾಕಿಕೊಂಡು ಒಂದೇ ಹಿತ್ತಾಳೆಯ ಹರಿವಾಣಕ್ಕೆ ಸುರಿದಳು. ಗಂಧ ತೇದಳು. ಒಂದೊಂದು ತೋಟೆಯ ಮೂತಿಗೂ ದಪ್ಪಗೆ ಹಚ್ಚಿದಳು. ಮೂತಿಗೇ ಯಾಕೆಂದರೆ ಅದು ಮುಖ, ಗಂಧ ಹಚ್ಚುವುದು ಮುಖಕ್ಕಲ್ಲದೆ ಇನ್ನೆಲ್ಲಿಗೆ? ಮೇಲೆ ಅಡಿಕೆ ಹಿಂಗಾರದ ಎಸಳು ಉದುರಿಸಿದಳು.

ನಾವು ಚಾವಡಿಗೆ ಬರುವಾಗ ಗಂಧ ಒಣಗಿ ಬಿಳಿಯಾಗಿತ್ತು. ಹರಿವಾಣದ ತುಂಬ ಒಂದೇ ಮುಖದ ತೋಟೆಗಳು ಮಲಗಿದ್ದವು. ತಾಮ್ರವೂ ಇಲ್ಲ, ಸೀಸದ ಕಾಳೂ ಇಲ್ಲ.

ಕೆಳಗೆ ಅಂಗಳದಲ್ಲಿ ನಿಂತಿದ್ದ ಗೆಳೆಯ ಕತ್ತು ಚಾಚಿ ನೋಡಿದವನು, ಅಮ್ಮಾ ಅವನ್ನು ಬೇರೆಬೇರೆ ಇಟ್ಟದ್ದಲ್ವಾ ಎಂದು ಮೆಲ್ಲಗೆ ಕೇಳಿದ.

“ಎರಡು ಎಲೆ ಇಡಲಿಕ್ಕೆ ನಮ್ಮದೆಂತ ಪಾಲಾದ ಮನೆಯಾ?” ಎಂದಳು ಅಮ್ಮ.

ತುದಿಯನ್ನು ಬಟ್ಟೆಯಲ್ಲಿ ಸ್ವಲ್ಪ ಒರೆಸಿದರೆ ಗೊತ್ತಾಗುತ್ತದೆ ಎಂದು ಅವನು ಹೇಳಲು ಹೊರಟ. ಒರೆಸುವುದು ಎಂಬ ಮಾತು ಮುಗಿಯುವ ಮೊದಲೇ ಅಮ್ಮ ಅವನ ಕಡೆಗೆ ತಿರುಗಿದಳು. ಕೋಪವಿರಲಿಲ್ಲ. ಪ್ರಸಾದ ಒರೆಸುವುದುಂಟಾ ಮಗಾ, ನಿಮ್ಮಲ್ಲಿ ಉಂಟಾ, ಎಂದು ಕೇಳಿದಳು, ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವಳ ಹಾಗೆ. ಅವನು ತಲೆ ತಗ್ಗಿಸಿ ಇಲ್ಲ ಎಂದ. ಅವನು ದೈವವನ್ನು ನಂಬಿದವನಲ್ಲ, ಆದರೆ ಅವನಿಗೂ ಒಬ್ಬಳು ತಾಯಿ ಇದ್ದಳು, ಅವಳೂ ಅವನ ಅಂಗಡಿಯ ಬಾಗಿಲಿಗೆ ಏನೇನೋ ಓದಿಸಿ ಕಟ್ಟಿದ್ದಳು.

ನಾವು ಮಾವನನ್ನು ನೋಡಿದೆವು. ಅವರು ಒರೆಸುತ್ತೇನೆ ಎಂದಿದ್ದರೆ ಒರೆಸಬಹುದಿತ್ತು, ಯಜಮಾನರು ಅವರು. ಹೋಗುವವರೂ ಅವರೇ. ಹರಿವಾಣದ ಮುಂದೆ ಮಂಡಿ ಮಡಚಲಾಗದೆ ಓರೆಯಾಗಿ ಕುಳಿತು ತೋಟೆಗಳನ್ನು ನೋಡಿದರು.

“ಸರಿ ಅಕ್ಕ,” ಎಂದರು. “ಆರಿಸುವ ಕಷ್ಟ ತಪ್ಪಿತು.”

ಆಮೇಲೆ ನಮಗೆ ಬೆನ್ನು ತಿರುಗಿಸಿ, ಕೈಗೆ ಬಂದದ್ದನ್ನು ಬಂದ ಹಾಗೆ ರೈಫಲಿಗೆ ತುಂಬಿದರು. ಒಂದೊಂದು ತೋಟೆಯೂ ಒಳಗೆ ಕೂರುವ ಟಕ್ ಎಂಬ ಸದ್ದು ಚಾವಡಿಯಲ್ಲಿ ಕೇಳಿತು. ಗೆಳೆಯ ನನ್ನ ತೋಳು ಹಿಡಿದುಕೊಂಡಿದ್ದ. ನಮ್ಮ ಒದ್ದೆ ಕಾಗದ, ಮೂಳೆ, ವಾದ ಎಲ್ಲವೂ ಒಂದು ಚಿಟಿಕೆ ಗಂಧದ ಕೆಳಗೆ ಹೋಗಿಬಿಟ್ಟಿತ್ತು. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ಎಲ್ಲ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಎದ್ದು ಹೊರಡುವ ಮನುಷ್ಯನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಹಾಡಿಯವರೆಗೆ ಎಲ್ಲರೂ ಹೋದೆವು. ಒಳಗೆ ಹೋದದ್ದು ಮಾವ, ಅರಣ್ಯದವನು, ನಾನು. ಅರಣ್ಯದವನು ಒಂದು ಹಂತದಲ್ಲಿ ಮರವೊಂದನ್ನು ಆರಿಸಿ ಅದರ ಹಿಂದೆ ನಿಂತ. ನಾನು ಮಾವನ ಹಿಂದೆ ಒಂದು ಪಾದೆಕಲ್ಲಿನ ಮೇಲೆ ನಿಂತೆ. ಅಲ್ಲಿಂದ ಮಾವನ ಬೆನ್ನು ಕಾಣುತ್ತಿತ್ತು. ಬೆನ್ನಿನ ಆಚೆ ನೆರಳು, ಬಳ್ಳಿ, ಕಪ್ಪು. ನಾತ ಗಂಟಲಿಗೆ ಬಂತು. ನೊಣಗಳ ಸದ್ದು ಒಂದೇ ಸಮನೆ ಇತ್ತು, ಮೊದಲು ಅದು ನನ್ನ ಕಿವಿಯೊಳಗಿನದು ಎಂದುಕೊಂಡೆ.

ಆಮೇಲೆ ಆ ಕಪ್ಪು ಎದ್ದಿತು.

ಇದನ್ನು ನಾನು ಎಷ್ಟೋ ಬಾರಿ ಬರೆದು ಹೊಡೆದುಹಾಕಿದ್ದೇನೆ. ಅಷ್ಟು ಹೊತ್ತು ನಾನು ನೆರಳು ಎಂದು ನೋಡುತ್ತಿದ್ದದ್ದು ಅದರ ಪಕ್ಕೆ. ಬಂಡೆ ಎಂದುಕೊಂಡದ್ದು ಅದರ ಹೆಗಲು. ಏಳುತ್ತಲೇ ಹೋಯಿತು, ಇನ್ನು ಮುಗಿಯಿತು ಎನ್ನುವಾಗಲೂ ಏಳುವುದು ಬಾಕಿ ಇತ್ತು. ಮೈ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಮುಂಗಾಲುಗಳಿಗೆ ಯಾರೋ ಬಿಳಿ ಕಾಲುಚೀಲ ತೊಡಿಸಿದ ಹಾಗಿತ್ತು, ಕೊಳೆತ ಹಿಂಗಾಲಿಗೂ ಆ ಬಿಳಿ ಇತ್ತು, ಅದೊಂದು ಮಾತ್ರ ಕೆಸರಾಗಿರಲಿಲ್ಲ. ಅದರ ಉಸಿರಿಗೆ ಎದುರಿನ ಎಲೆಗಳು ಆಡುತ್ತಿದ್ದವು. ಅದು ಮಾವನನ್ನು ನೋಡಿತು. ನಾನು ಹೆದರಿದ್ದೆನೇ? ಹೆದರಿಕೆಗೆ ‘ನಾನು’ ಎಂಬವನು ಬೇಕಲ್ಲ. ಅಲ್ಲಿ ಅದು ಮಾತ್ರ ಇತ್ತು.

ಮಾವ ಕೋವಿ ಎತ್ತಿದರು. ಕಾದರು. ಅದು ಮುಖ ಕೊಟ್ಟು ನಿಂತಿತ್ತು, ಪಕ್ಕ ಕೊಡಲಿಲ್ಲ. ಮಾವ ಕೋವಿ ಇಳಿಸಿದರು. ಇದು ನನಗೆ ಸ್ಪಷ್ಟವಾಗಿ ನೆನಪಿದೆ, ಯಾಕೆ ಇಳಿಸಿದರು ಎಂಬುದು ಮಾತ್ರ ಇಲ್ಲ. ಅದಕ್ಕೆ ಏನೋ ಹೇಳಿದರು ಎಂದು ಅರಣ್ಯದವನು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ. ಕಾಟಿ ಒಂದು ಸಲ ತಲೆ ಕೊಡವಿತು, ಕೊಳೆತ ಕಾಲನ್ನು ಎಳೆದುಕೊಂಡು ಪಕ್ಕಕ್ಕೆ ತಿರುಗಿತು. ಕೋವಿ ಮತ್ತೆ ಮೇಲೆ ಹೋಯಿತು. ಸದ್ದು ನನ್ನ ನೆನಪಿನಲ್ಲಿ ಇಲ್ಲವೇ ಇಲ್ಲ. ಮೂಕಚಿತ್ರದ ಹಾಗೆ, ಮಾವನ ಹೆಗಲು ಹಿಂದಕ್ಕೆ ಹೋಯಿತು, ಎಲೆಗಳು ಆಡುವುದು ನಿಂತಿತು.

ಅದು ಬಿದ್ದ ಬಗೆಗೆ ನನ್ನ ಹತ್ತಿರ ಎರಡು ಚಿತ್ರಗಳಿವೆ. ಒಂದರಲ್ಲಿ ಅದು ನಿಂತಲ್ಲೇ ಕುಸಿಯುತ್ತದೆ, ಕಟ್ಟಿದ ಹಗ್ಗ ಕಡಿದ ಹಾಗೆ. ಇನ್ನೊಂದರಲ್ಲಿ ಅದು ಏನೂ ಆಗದ ಹಾಗೆ ಕೆಲವು ಹೆಜ್ಜೆ ನಡೆಯುತ್ತದೆ, ಒಂದು ಗೊತ್ತಾದ ಜಾಗಕ್ಕೆ ಹೋಗುವ ಹಾಗೆ, ಮತ್ತೆ ಮುಂಗಾಲು ಮಡಚಿ ಮಲಗುತ್ತದೆ. ಮೊದಲನೆಯದು ಬೇಟೆ ಗುಂಡಿನ ಸಾವು, ಎರಡನೆಯದು ಗಟ್ಟಿ ಮೂತಿಯದು ಎಂದು ಗೆಳೆಯ ಹೇಳಿದ್ದ. ಬಹುಶಃ ಅವನ ಆ ಮಾತು ಕೇಳಿದ ಮೇಲೆಯೇ ನನ್ನ ಒಂದು ಚಿತ್ರ ಎರಡಾಯಿತು.

ಎರಡನೆಯ ಗುಂಡು ಬೇಕಾಗಲಿಲ್ಲ. ಮಾವ ಕಾದು ನಿಂತರು. ನೊಣಗಳು ವಾಪಸು ಬಂದ ಮೇಲೆ ಎಕ್ಕಡ ಬಿಟ್ಟು ಬರಿಗಾಲಲ್ಲಿ ಅದರ ಹತ್ತಿರ ಹೋದರು. ಅವರು ಎಕ್ಕಡ ಬಿಟ್ಟದ್ದು ನೋಡಿ ನಾನೂ ಬಿಟ್ಟೆ.

ಗುಂಡು ಹೊಕ್ಕ ತೂತು ಹೆಗಲಿನ ಹಿಂದೆ, ಎಲ್ಲಿ ಎಂದು ಹೇಳಿದ್ದರೋ ಅಲ್ಲಿ, ಕಾಣದಷ್ಟು ಸಣ್ಣದಿತ್ತು. ಹೊಕ್ಕ ತೂತು ಎರಡೂ ಬಗೆಯದಕ್ಕೂ ಸಣ್ಣದೇ. ಬೇಕಾದದ್ದು ಆಚೆಯ ಪಕ್ಕೆ. ಆಚೆಯ ಪಕ್ಕೆ ಅದರ ಮೈಯಡಿ ಇತ್ತು. ಅದನ್ನು ಮಗುಚಲು ಹಗ್ಗ ಹಾಕಿ ಊರಿನವರೆಲ್ಲ ಎಳೆಯಬೇಕಾಯಿತು. ಎಳೆದದ್ದು ಅಲ್ಲೇ ತೋಡಿದ ಗುಂಡಿಗೆ. ಮಗುಚುವಾಗ ಹಗ್ಗ ಹಿಡಿದವರ ತಲೆಗಳ ನಡುವೆ ನಾನು ಇಣುಕಿದೆ. ಕೆಸರು, ರಕ್ತ, ತರಗೆಲೆ. ಹೊರಬಂದ ತೂತು ಇತ್ತು ಎಂದು ಗೆಳೆಯ ಆಣೆ ಇಡುತ್ತಾನೆ. ನನಗೆ ಕಂಡದ್ದು ಹಳೆಯ ಗಾಯವೂ ಆಗಿರಬಹುದು. ಅರಣ್ಯದವರು ಸುಣ್ಣ ಸುರಿದರು. ಇಷ್ಟು ಮಾಂಸ ಮಣ್ಣಿಗೆ ಹೋಗುತ್ತದಲ್ಲ ಮಾರಾಯ ಎಂದು ಯಾರೋ ಗೊಣಗಿದರು, ಇನ್ನು ಯಾರೋ ನಿನ್ನ ಮಾವನ ಮನೆಯ ಕೋಣ ಅಲ್ವಾ ಅದು, ಪಾಲು ಕೇಳು ಎಂದು ಛೇಡಿಸಿದರು. ಹೊಡೆದವನು ಯಾರೆಂದು ಎಲ್ಲರಿಗೂ ಗೊತ್ತಿದ್ದ ಆ ಕೇಪಿನ ಕೋವಿಯವನು ಎಲ್ಲರಿಗಿಂತ ಜೋರಾಗಿ ಹಗ್ಗ ಎಳೆಯುತ್ತಿದ್ದ.

ಉಳಿದ ತೋಟೆಗಳಲ್ಲಿ ಯಾವ ಬಗೆಯದು ಒಂದು ಕಡಿಮೆ ಎಂದು ಎಣಿಸಿ ನೋಡಿದ್ದರೆ ಸಾಕಿತ್ತು. ಗೆಳೆಯ ಮನೆಗೆ ಓಡಿದ್ದು ಅದಕ್ಕೇ. ಆದರೆ ಹಗ್ಗ ಎಳೆಯುವಾಗಲೇ ಹೊರಟಿದ್ದ ಮಾವ ಅವನಿಗಿಂತ ಮೊದಲು ತಲುಪಿ ಕೋವಿ ಖಾಲಿ ಮಾಡಿ, ತೋಟೆಗಳನ್ನು ಹರಿವಾಣಕ್ಕೆ ಹಾಕಿ ಅಕ್ಕನ ಕೈಗೆ ಕೊಟ್ಟಿದ್ದರು. ಅಮ್ಮ ತಮ್ಮನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಹರಿವಾಣ ಹಿಡಿದುಕೊಂಡು ತೋಡಿಗೆ ಹೋದಳು. ಬಾಡಿದ ಹೂವು, ಉಳಿದ ಗಂಧ, ಹರಿವಾಣದಲ್ಲಿ ದೈವಕ್ಕೆ ಇಟ್ಟ ಯಾವುದನ್ನೂ ಮನೆಯಲ್ಲಿ ಉಳಿಸಿಕೊಳ್ಳುವ ಕ್ರಮ ಇಲ್ಲ, ಹರಿಯುವ ನೀರಿಗೆ ಬಿಡಬೇಕು. ನಾವು ತೋಡಿನ ದಂಡೆಗೆ ಬರುವಾಗ ಹಿಂಗಾರದ ಎಸಳುಗಳು ನೀರಿನ ಮೇಲೆ ತೇಲಿ ಹೋಗುತ್ತಿದ್ದವು. ತೋಟೆಗಳ ಹಿತ್ತಾಳೆ ತೇಲುವುದಿಲ್ಲ. ಅಮ್ಮ ಹರಿವಾಣ ತೊಳೆಯುತ್ತಿದ್ದಳು. ಅವಳ ಬೆನ್ನು ಕುಲುಕುತ್ತಿದ್ದುದರಿಂದ ಅಳುತ್ತಿದ್ದಾಳೆ ಎಂದು ತಿಳಿಯಿತು.

ಎಂಬತ್ತರ ದಶಕದ ಮಧ್ಯದಲ್ಲಿ ಮಾವ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿದ್ದರು. ನಾನು ಸಂಜೆ ಕೆಲಸ ಮುಗಿಸಿ ಹೋಗಿ ಕೂರುತ್ತಿದ್ದೆ. ಒಂದು ದಿನ ಕೇಳಿಯೇ ಬಿಟ್ಟೆ, ಅದು ಯಾವುದು ಎಂದು. ಯಾವುದರ ವಿಷಯ ಎಂದು ಅವರು ಕೇಳಲಿಲ್ಲ. ಕಿಟಕಿಯ ಕಡೆ ತಿರುಗಿ, “ಗೊತ್ತಿದ್ದಿದ್ದರೆ ಕೈ ನಡುಗುತ್ತಿತ್ತು ಮಾರಾಯ” ಎಂದರು. ಈ ಮಾತಿನ ಬಗ್ಗೆ ನನಗೆ ಅನುಮಾನವಿದೆ. ಇದು ಕಥೆಯೊಂದರ ಕೊನೆಗೆ ತೀರ ಸರಿಯಾಗಿ ಕೂರುತ್ತದೆ. ಅವರು ಬರೀ ಗೊತ್ತಿಲ್ಲ ಎಂದಿರಬಹುದು, ನೀರು ಕೊಡು ಎಂದಿರಬಹುದು. ಅವರು ಹೋದ ಮೇಲೆ ಕ್ರಮದ ಪ್ರಕಾರ ರೈಫಲು ಸೋದರಳಿಯನಾದ ನನಗೆ ಬರಬೇಕಿತ್ತು. ನಾನು ಅದನ್ನು ಕಾರ್ಕಳದ ಪೊಲೀಸು ಠಾಣೆಗೆ ಕೊಟ್ಟು ಬಂದೆ.

ಅಮ್ಮನನ್ನೂ ಕೇಳಿದ್ದೆ. ಎರಡು ಎಲೆ ಇದ್ದದ್ದೇ ಅವಳಿಗೆ ನೆನಪಿರಲಿಲ್ಲ. ನಮ್ಮ ಮನೆಯಲ್ಲಿ ಯಾವತ್ತೂ ಎರಡು ಎಲೆ ಇಟ್ಟದ್ದಿಲ್ಲ ಎಂದಳು.

ಗೆಳೆಯನಿಗೆ ಸಂಶಯವೇ ಇಲ್ಲ, ಅದು ಅವನ ಟಾರ್ಗೆಟ್ ಗುಂಡೇ. ಅಂಗಡಿಗೆ ಬಂದವರಿಗೆ ಈಗಲೂ ಹೇಳುತ್ತಾನೆ. ನನಗೆ ಕಾಡುವುದು ಬೇರೆ. ಮಾವ ತೋಟೆ ತುಂಬುವಾಗ ನಮಗೆ ಬೆನ್ನು ತಿರುಗಿಸಿದ್ದರು. ಹೆಬ್ಬೆರಳಿನ ಉಗುರಿನಿಂದ ಗಂಧವನ್ನು ಒಂದು ಚೂರು ಕೆರೆದರೆ ಸಾಕಿತ್ತು, ಅಕ್ಕನಿಗೆ ಗೊತ್ತಾಗುತ್ತಿರಲಿಲ್ಲ, ನಮಗೂ ಗೊತ್ತಾಗುತ್ತಿರಲಿಲ್ಲ. ಕೆರೆದರೋ ಇಲ್ಲವೋ ನನಗೆ ಕಾಣಲಿಲ್ಲ. ಕಾಟಿಯನ್ನು ಕೊಂದದ್ದು ಯಾವ ಗುಂಡು ಎಂದು ನನಗೆ ಗೊತ್ತಿಲ್ಲ. ಮಾವನಿಗೆ ಗೊತ್ತಿತ್ತೇ ಎಂಬುದೂ ಗೊತ್ತಿಲ್ಲ.